ಬೇರೆ ತರಹದ ಕಂಪ್ಯೂಟರು ಆಫೀಸಿನ ಜಾಲಕ್ಕೆ ಸೇರುವುದು ಹೇಗೆ?



ಉದಗೀರದ ಒಂದು ಶಾಲೆಯ ಆಫೀಸಿನಲ್ಲಿ ಮೂರು ವಿಂಡೋಸ್ ಕಂಪ್ಯೂಟರುಗಳಿವೆ ಅಂತ ಇಟ್ಟುಕೊಳ್ಳಿರಿ. ನಾಲ್ಕನೆಯದು ಹೊಸದಾಗಿ ಬಂತು. ಅದರಲ್ಲಿ ಉಬುಂಟು ಲಿನಕ್ಸ್ ಇದೆ. ಹತ್ತನೆಯ ತರಗತಿಯ ಮಕ್ಕಳ ಹೆಸರಿನ ಪಟ್ಟಿ ಹಳೆಯ ಕಂಪ್ಯೂಟರಿನಲ್ಲಿದೆ. ಅದನ್ನು ಹೊಸದರಲ್ಲಿ ತೆರೆಯಬೇಕು. "ಅದು ಬ್ಯಾರೆ, ಇದು ಬ್ಯಾರೆ, ಹೆಂಗ ಕೂಡ್ತಾವ?" ಅಂತ ಕೇಳ್ತೀರಿ. ಕೂಡ್ತಾವ! ಎರಡೂ ಒಂದೇ ತರಹ ಇರಬೇಕಿಲ್ಲ, ಎರಡೂ ಒಂದೇ ನಿಯಮ ಪಾಲಿಸಿದರೆ ಸಾಕು. ಈ ನಿಯಮಗಳಿಗೆ ಪ್ರೋಟೋಕಾಲ್ ಎನ್ನುತ್ತಾರೆ. ಮೂರು ಮೆಟ್ಟಿಲುಗಳಲ್ಲಿ ನೋಡೋಣ.

1. ವಿಳಾಸ

ಕೇಬಲ್ ಜೋಡಿಸಿದ ಮೇಲೆ ಪ್ರತಿ ಕಂಪ್ಯೂಟರಿಗೆ ಒಂದು ಐಪಿ ವಿಳಾಸ ಬೇಕು. ಹಳೆಯದರದು 192.168.1.5, ಹೊಸದರದು 192.168.1.9 ಎನ್ನಿರಿ. ಇಂಥ ಸಣ್ಣ ಜಾಲದಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆ ಒಂದೇ ಇರುತ್ತವೆ, ಕೊನೆಯದು ಬೇರೆ. ಓಣಿ ಒಂದೇ, ಮನೆ ನಂಬರ ಬೇರೆ ಇದ್ದ ಹಾಗೆ. ಹೊಸದರಿಂದ ಪಿಂಗ್ ಆಜ್ಞೆ ಕೊಟ್ಟು ಹಳೆಯದನ್ನು ಕೂಗಿ ನೋಡಿರಿ. ಉತ್ತರ ಬಂದರೆ ದಾರಿ ಸರಿ ಇದೆ. ಬರದಿದ್ದರೆ ಕೇಬಲ್ ನೋಡಿರಿ. ವಿಂಡೋಸಿನ ಫೈರ್‌ವಾಲ್ ತಡೆದಿದೆಯೇ ಎಂದೂ ನೋಡಿರಿ.

2. ಮಾತು

ವಿಂಡೋಸ್ ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಪ್ರೋಟೋಕಾಲಿನ ಹೆಸರು ಎಸ್‌ಎಂಬಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಅವರಿಗೆ ಡಾಸ್ ಕಂಪ್ಯೂಟರನ್ನು ಯುನಿಕ್ಸ್ ಕಂಪ್ಯೂಟರಿಗೆ ಕೂಡಿಸಬೇಕಿತ್ತು. ನಿಯಮಗಳ ಪುಸ್ತಕ ಕೈಯಲ್ಲಿರಲಿಲ್ಲ. ಜಾಲದಲ್ಲಿ ಓಡಾಡುವ ಸಂದೇಶಗಳನ್ನೇ ಗಮನಿಸಿ, ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಪತ್ತೆ ಹಚ್ಚಿದರು. 1992ರಲ್ಲಿ ತಮ್ಮ ಪ್ರೋಗ್ರಾಮನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದೇ ಇಂದಿನ ಸಾಂಬಾ. ಬಜಾರದಾಗ ನೀವು ಮರಾಠಿ ಕಲಿತದ್ದೂ ಹಿಂಗ ಅಲ್ಲೇನು?

ಈಗ ವಿಂಡೋಸಿನಲ್ಲಿ ಪಟ್ಟಿ ಇರುವ ಫೋಲ್ಡರ್ ಒಂದನ್ನೇ ಶೇರ್ ಮಾಡಿರಿ. ಓದಲು ಮಾತ್ರ ಅನುಮತಿ ಕೊಡಿರಿ. ಉಬುಂಟುವಿನ ಫೈಲ್ ಕಿಟಕಿಯ ವಿಳಾಸದ ಜಾಗದಲ್ಲಿ ಎಸ್‌ಎಂಬಿ ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಕೋಲನ್, ಎರಡು ಓರೆಗೆರೆ, ಆಮೇಲೆ 192.168.1.5 ಹಾಕಿರಿ. ಅದು ಕೇಳುವ ಪಾಸ್‌ವರ್ಡ್ ವಿಂಡೋಸ್ ಕಂಪ್ಯೂಟರಿನದು, ಉಬುಂಟುವಿನದಲ್ಲ. ಇಲ್ಲಿಯೇ ಬಹಳ ಜನ ಎಡವುತ್ತಾರೆ.

ತೀರ ಹಳೆಯ ವಿಂಡೋಸ್ ಎಕ್ಸ್‌ಪಿಗೆ ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ ಗೊತ್ತು. ಆ ಆವೃತ್ತಿಯ ದೋಷದಿಂದಲೇ 2017ರಲ್ಲಿ ವಾನ್ನಾಕ್ರೈ ಎಂಬ ಕೆಟ್ಟ ಪ್ರೋಗ್ರಾಮು ಜಗತ್ತಿನ ತುಂಬ ಹರಡಿತು. ಆದ್ದರಿಂದ ಅದನ್ನು ಬಳಸಬೇಡಿರಿ.

3. ಅಕ್ಷರ

ಫೈಲ್ ತೆರೆಯಿತು, ಆದರೆ ಮಕ್ಕಳ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಬೆರಕೆ! ಜಾಲ ಕೆಟ್ಟಿಲ್ಲ. ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ನಂಬರಿನ ಮೇಲೆ ಕನ್ನಡದ ಆಕಾರ ಕೂಡಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರು ಒಳಗಿನ ಇಂಗ್ಲಿಷನ್ನೇ ತೋರಿಸುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ: 'ಕ' ಅಕ್ಷರಕ್ಕೆ ಅದರದೇ ನಂಬರ 3221. ಜಗತ್ತಿನ ಯಾವ ಕಂಪ್ಯೂಟರಿನಲ್ಲೂ ಅದು 'ಕ' ಮಾತ್ರ. ಪಟ್ಟಿಯನ್ನು ಯೂನಿಕೋಡಿಗೆ ಪರಿವರ್ತಿಸಿ ಉಳಿಸಿರಿ.

ತಂತಿ ಕೂಡಿದರೂ ಅಕ್ಷರ ಕೂಡದಿದ್ದರೆ ಒಂದು ಮಗುವಿನ ಹೆಸರೇ ಕಳೆದುಹೋಗುತ್ತದೆ. ಗಡಿಯ ಕನ್ನಡ ಶಾಲೆಗಳಲ್ಲಿ ಮೂರನೆಯ ಮೆಟ್ಟಿಲನ್ನು ಮರೆಯುವಂತಿಲ್ಲ.

ಮಾಡಿ ನೋಡಿರಿ

1. ನಿಮ್ಮ ಶಾಲೆಯ ಎರಡು ಕಂಪ್ಯೂಟರುಗಳ ಐಪಿ ವಿಳಾಸ ಬರೆದುಕೊಳ್ಳಿರಿ. ಯಾವ ಸಂಖ್ಯೆ ಬೇರೆ?
2. 'ಕ' 3221 ಆದರೆ 'ಚ' ಎಷ್ಟು? ವರ್ಣಮಾಲೆಯ ಕ್ರಮದಲ್ಲಿ ಎಣಿಸಿರಿ.