ಏಂಜೆಲ್ ಮೀನುಗಳಲ್ಲಿ ಜೋಡಿ ಗುರುತಿಸುವ ಬಗೆ

ಹೈನು, ಕೋಳಿಗಳಂತೆ ಅಲಂಕಾರಿಕ ಮೀನು ಸಾಕಣೆಯೂ ಒಂದು ಉಪಕಸುಬು. ಇದರಲ್ಲಿ ಏಂಜೆಲ್ ಮೀನಿಗೆ ಒಳ್ಳೆಯ ಬೇಡಿಕೆಯಿದೆ. ಆದರೆ ಕೆಲವು ಸಾಕಣೆದಾರರು ದೊಡ್ಡ ಮೀನುಗಳೆರಡನ್ನು ಕೊಂಡು ತಂದು, ತಿಂಗಳುಗಟ್ಟಲೆ ಆಹಾರ ಹಾಕಿ, ಕೊನೆಗೆ ಒಂದು ಮರಿಯನ್ನೂ ಕಾಣದೆ ಕೈಬಿಡುತ್ತಾರೆ. ಹಸುವಿಗೆ ಹೋರಿಯನ್ನು ಕೊಡಿಸಿದಂತೆ ಈ ಮೀನುಗಳನ್ನು ನಾವು ಸೇರಿಸಲು ಬರುವುದಿಲ್ಲ. ಜೋಡಿಯನ್ನು ಅವೇ ಆರಿಸಿಕೊಳ್ಳಬೇಕು. ಆ ಜೋಡಿಯನ್ನು ಗುರುತಿಸುವುದಷ್ಟೇ ಸಾಕಣೆದಾರನ ಕೆಲಸ.

ಗುಂಪಿನ ನಡವಳಿಕೆ

ಏಂಜೆಲ್ ಮೀನಿನ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ನದಿ ಪ್ರದೇಶ. ಇದು ಸಿಕ್ಲಿಡ್ ಕುಟುಂಬಕ್ಕೆ ಸೇರಿದೆ. ಮರಿಗಳು ಗುಂಪಾಗಿ ಹೊಂದಿಕೊಂಡು ಬೆಳೆಯುತ್ತವೆ. ಬೆಳೆದಂತೆ ಗುಂಪಿನಲ್ಲಿ ಮೇಲು ಕೀಳು ಏರ್ಪಡುತ್ತದೆ. ಬಲವಾದ ಮೀನು ಮೊದಲು ಆಹಾರ ತಿನ್ನುತ್ತದೆ, ಉಳಿದವನ್ನು ಅಟ್ಟುತ್ತದೆ. ತುಸು ಕಾದಾಟ ಸಹಜ. ಆದರೆ ಒಂದೇ ಮೀನು ಸದಾ ಪೆಟ್ಟು ತಿಂದು, ಮೂಲೆ ಸೇರಿ, ರೆಕ್ಕೆ ಹರಿದುಕೊಂಡಿದ್ದರೆ ಅದನ್ನು ಕೂಡಲೇ ಬೇರೆ ತೊಟ್ಟಿಗೆ ಬಿಡಿ.

ಆದ್ದರಿಂದ ಎರಡು ಮೀನಿನ ಬದಲು ಆರರಿಂದ ಎಂಟು ಎಳೆಯ ಮೀನುಗಳನ್ನು ತಂದು, ಸುಮಾರು 200 ಲೀಟರು ಹಿಡಿಯುವ, 45 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿಯಲ್ಲಿ ಒಟ್ಟಿಗೆ ಬೆಳೆಸಿ. ನೀರಿನ ಉಷ್ಣತೆ 26ರಿಂದ 28 ಡಿಗ್ರಿ ಸೆ. ಇರಲಿ.

ಜೋಡಿಯ ಲಕ್ಷಣಗಳು

ಎಂಟರಿಂದ ಹನ್ನೆರಡು ತಿಂಗಳಲ್ಲಿ ಮೀನುಗಳು ಪ್ರಾಯಕ್ಕೆ ಬರುತ್ತವೆ. ಆಗ ದಿನವೂ ಸ್ವಲ್ಪ ಹೊತ್ತು ತೊಟ್ಟಿಯ ಮುಂದೆ ಕುಳಿತು ಇವನ್ನು ಗಮನಿಸಿ:

1. ಎರಡು ಮೀನುಗಳು ಗುಂಪಿನಿಂದ ಸರಿದು ಒಂದು ಮೂಲೆಯನ್ನು ಹಿಡಿಯುತ್ತವೆ. ಹತ್ತಿರ ಬಂದ ಇತರ ಮೀನುಗಳನ್ನು ಸೇರಿ ಓಡಿಸುತ್ತವೆ.

2. ಎದುರುಬದುರು ನಿಂತು ರೆಕ್ಕೆಗಳನ್ನು ಅಗಲಿಸುತ್ತವೆ, ಮೈ ನಡುಗಿಸುತ್ತವೆ. ಬಾಯಿಗೆ ಬಾಯಿ ಕಚ್ಚಿ ಎಳೆದಾಡುವುದೂ ಉಂಟು. ಇದು ಪರಸ್ಪರ ಬಲ ನೋಡುವ ರೀತಿ. ಬಳಿಕ ಎರಡೂ ಜೊತೆಯಾಗಿ ಉಳಿದರೆ ಸರಿ. ಒಂದು ಓಡಿ ಅವಿತರೆ ಅದು ಜಗಳವೇ ಹೊರತು ಪ್ರಣಯವಲ್ಲ.

3. ಅಗಲವಾದ ಎಲೆ, ಕಲ್ಲಿನ ಹಲಗೆ ಅಥವಾ ಕೊಳವೆಯನ್ನು ಎರಡೂ ಬಾಯಿಯಿಂದ ಉಜ್ಜಿ ಶುಚಿಗೊಳಿಸುತ್ತವೆ. ಮೊಟ್ಟೆ ಇಡುವ ಕಾಲ ಹತ್ತಿರವಾಯಿತೆಂದು ತಿಳಿಯಿರಿ.

ಈ ಲಕ್ಷಣ ಕಂಡ ಜೋಡಿಯನ್ನು ಗದ್ದಲವಿಲ್ಲದ ಜಾಗದಲ್ಲಿ 75ರಿಂದ 100 ಲೀಟರಿನ ತೊಟ್ಟಿಗೆ ಬಿಟ್ಟು, ಓರೆಯಾಗಿ ಒಂದು ಕಲ್ಲಿನ ಹಲಗೆಯನ್ನಿಡಿ.

ಗಂಡು ಹೆಣ್ಣು

ಮೈಬಣ್ಣ, ಗಾತ್ರಗಳಿಂದ ಗಂಡು ಹೆಣ್ಣನ್ನು ಖಚಿತವಾಗಿ ಹೇಳಲಾಗದು. ಮೊಟ್ಟೆ ಇಡುವ ವೇಳೆಗೆ ಹೊಟ್ಟೆಯ ಕೆಳಗೆ ಸಣ್ಣ ನಳಿಕೆ ಹೊರಬರುತ್ತದೆ. ಗಂಡಿನದು ಸಣ್ಣದು, ಚೂಪಾದದ್ದು. ಹೆಣ್ಣಿನದು ದಪ್ಪ, ಮೊಂಡು. ಎರಡು ಹೆಣ್ಣುಗಳೇ ಜೋಡಿಯಾಗಿ ಮೊಟ್ಟೆ ಇಡುವುದೂ ಉಂಟು. ಆಗ ಮೊಟ್ಟೆಗಳೆಲ್ಲ ಒಂದೆರಡು ದಿನದಲ್ಲಿ ಬೆಳ್ಳಗಾಗುತ್ತವೆ. ಗಂಡು ಎಳೆಯದಾಗಿದ್ದರೂ, ನೀರು ತೀರಾ ಗಡಸಾಗಿದ್ದರೂ ಹೀಗಾಗಬಹುದು. ಕೊಳವೆ ಬಾವಿಯ ನೀರು ಗಡಸಾಗಿದ್ದರೆ ಶುದ್ಧ ಮಳೆನೀರನ್ನು ಬೆರೆಸಿ, ಎರಡು ಮೂರು ಸಲ ನೋಡಿ. ಆಮೇಲೂ ಎಲ್ಲ ಮೊಟ್ಟೆ ಬೆಳ್ಳಗಾದರೆ ಜೋಡಿಯನ್ನು ಬದಲಿಸಿ.

ಮೊಟ್ಟೆ ಮತ್ತು ಮರಿ

ಹೆಣ್ಣು ಸಾಲುಸಾಲಾಗಿ ಮೊಟ್ಟೆಗಳನ್ನು ಅಂಟಿಸುತ್ತದೆ. ಗಂಡು ಹಿಂದೆಯೇ ಸಾಗಿ ಅವನ್ನು ಫಲಿತಗೊಳಿಸುತ್ತದೆ. ಒಮ್ಮೆಗೆ ಹಲವು ನೂರು ಮೊಟ್ಟೆಗಳಿರುತ್ತವೆ. ತಾಯಿ ತಂದೆ ಎರಡೂ ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ತಾಗಿಸುತ್ತವೆ, ಕೆಟ್ಟದ್ದನ್ನು ಹೆಕ್ಕುತ್ತವೆ. ಸುಮಾರು ಎರಡೂವರೆ ದಿನದಲ್ಲಿ ಮೊಟ್ಟೆ ಒಡೆಯುತ್ತವೆ. ಮತ್ತೆ ನಾಲ್ಕೈದು ದಿನಕ್ಕೆ ಮರಿಗಳು ಈಜತೊಡಗುತ್ತವೆ. ಆಗ ಅವಕ್ಕೆ ಆಗತಾನೆ ಒಡೆದ ಆರ್ಟೀಮಿಯ ಮರಿಗಳನ್ನು ಕೊಡಿ.

ಮೊದಲ ಸಲ ಜೋಡಿ ತನ್ನ ಮೊಟ್ಟೆಯನ್ನೇ ತಿಂದರೆ ಗಾಬರಿ ಬೇಡ. ನೆರಳಾಡುವುದು, ತೊಟ್ಟಿ ಬಡಿಯುವುದು ಇದಕ್ಕೆ ಕಾರಣವಾಗಬಹುದು. ಒಳ್ಳೆಯ ಜೋಡಿ ಎರಡು ಮೂರು ವಾರಗಳಲ್ಲಿ ಮತ್ತೆ ಮೊಟ್ಟೆ ಇಡಬಲ್ಲದು. ಪದೇ ಪದೇ ತಿನ್ನುತ್ತಿದ್ದರೆ ಮೊಟ್ಟೆಯಿರುವ ಹಲಗೆಯನ್ನು ಅದೇ ತೊಟ್ಟಿಯ ನೀರು ತುಂಬಿದ ಬೇರೆ ಪಾತ್ರೆಗೆ ಸಾಗಿಸಿ, ಗಾಳಿ ಗುಳ್ಳೆ ಹಾಯಿಸಿ.

ನೆನಪಿಡಿ

ಕೂಡಿಕೊಂಡ ಜೋಡಿಯನ್ನು ಕಾರಣವಿಲ್ಲದೆ ಅಗಲಿಸಬೇಡಿ. ಮತ್ತೆ ಸೇರಿಸಿದಾಗ ಕಾದಾಡಬಹುದು. ಹೆಚ್ಚಾದ ಮೀನುಗಳನ್ನು ಕೆರೆ ಹಳ್ಳಗಳಿಗೆ ಬಿಡಬೇಡಿ. ಜೋಡಿ ಕೂಡಿದ ದಿನ, ಮೊಟ್ಟೆ ಇಟ್ಟ ದಿನ, ಉಳಿದ ಮರಿಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ. ಯಾವ ಜೋಡಿ ಇಟ್ಟುಕೊಳ್ಳಲು ಯೋಗ್ಯ ಎಂಬುದನ್ನು ಆ ಲೆಕ್ಕವೇ ನಿಮಗೆ ತಿಳಿಸುತ್ತದೆ.