ಬಸವನಹುಳುಗಳ ಜಾತಿನಿರ್ಣಯ

ಮುಂಗಾರು ಮಳೆಯು ನಾಲ್ಕು ದಿನ ಹಿಡಿದು ಸುರಿಯಿತೆಂದರೆ ತೋಟದ ಬದುಗಳಲ್ಲಿಯೂ ಬಾಳೆಯ ಬುಡಗಳಲ್ಲಿಯೂ ಗೊಬ್ಬರದ ಗುಂಡಿಯ ಅಂಚಿನಲ್ಲಿಯೂ ಬಸವನಹುಳುಗಳು ಕಾಣಿಸಿಕೊಳ್ಳುವುವು. ಇವನ್ನು ಕಂಡೊಡನೆ ಕೆಲವರು ಎಲ್ಲವನ್ನೂ ತುಳಿದು ಕೊಲ್ಲುವರು. ಮತ್ತೆ ಕೆಲವರು, ಇವು ಎಂದಿನಿಂದಲೂ ಇರುವ ಹುಳುಗಳೇ ಎಂದು ಎಲ್ಲವನ್ನೂ ಬಿಟ್ಟುಬಿಡುವರು. ಎರಡೂ ಸರಿಯಾದ ಕ್ರಮವಲ್ಲ. ಬಸವನಹುಳುವೆಂಬ ಒಂದೇ ಹೆಸರಿನಲ್ಲಿ ನಾವು ಕರೆಯುವ ಪ್ರಾಣಿಗಳಲ್ಲಿ ನೂರಾರು ಜಾತಿಗಳುಂಟು. ಅವುಗಳಲ್ಲಿ ಪೈರಿಗೆ ಶತ್ರುವಾದುವು ಕೆಲವೇ. ಉಳಿದುವು ಕೊಳೆತ ಎಲೆ, ಹಾವಸೆ, ಅಣಬೆ ಮುಂತಾದುವನ್ನು ತಿಂದು ಮಣ್ಣಿಗೆ ಸಾರವನ್ನು ಸೇರಿಸತಕ್ಕವು. ಜಾತಿಯನ್ನು ತಿಳಿಯದೆ ಕೈಗೊಂಡ ಕ್ರಮದಿಂದ ಆಗುವ ನಷ್ಟವು ಹುಳುವಿನಿಂದ ಆಗುವ ನಷ್ಟಕ್ಕಿಂತಲೂ ದೊಡ್ಡದಾಗಬಹುದೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗುವುದು.

೧. ಹೊಸ ಜಾತಿಯನ್ನು ವರ್ಣಿಸುವ ರೀತಿ

ಪ್ರತಿಯೊಂದು ಪ್ರಾಣಿಗೂ ಎರಡು ಪದಗಳ ಹೆಸರನ್ನು ಕೊಡುವ ಪದ್ಧತಿಯು ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು ೧೭೫೮ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಾಣಿಶಾಸ್ತ್ರದಲ್ಲಿ ನೆಲೆಗೊಂಡಿತು. ಮೊದಲನೆಯ ಪದವು ಕುಲವನ್ನೂ ಎರಡನೆಯದು ಜಾತಿಯನ್ನೂ ತಿಳಿಸುವುದು. ನಮಗೆ ಹೊಸದಾಗಿ ಕಂಡ ಹುಳುವೆಲ್ಲ ಶಾಸ್ತ್ರಕ್ಕೆ ಹೊಸದಲ್ಲ. ಅದು ಹಿಂದೆ ವರ್ಣಿತವಾದ ಯಾವ ಜಾತಿಗೂ ಸೇರದೆಂದು ಸ್ಥಾಪಿಸಿದ ಮೇಲೆಯೇ ಹೊಸ ಹೆಸರಿಗೆ ಅರ್ಹವಾಗುವುದು.

ಶಾಸ್ತ್ರಜ್ಞನು ಮೊದಲು ಚಿಪ್ಪನ್ನು ಪರೀಕ್ಷಿಸುವನು. ಅದರ ಎತ್ತರವೆಷ್ಟು, ಅಗಲವೆಷ್ಟು, ಸುತ್ತುಗಳೆಷ್ಟು, ಮೇಲ್ಮೈ ನುಣುಪೋ ಗೆರೆಗಳುಳ್ಳದ್ದೋ, ಬಾಯಿಯ ಅಂಚು ತೆಳುವೋ ದಪ್ಪವೋ, ತಳದಲ್ಲಿ ನಾಭಿಯಂತಹ ಕುಳಿಯುಂಟೋ ಇಲ್ಲವೋ ಎಂಬಿವನ್ನು ಅಳೆದು ಬರೆದುಕೊಳ್ಳುವನು. ಸುರುಳಿಯ ದಿಕ್ಕು ಮುಖ್ಯವಾದ ಲಕ್ಷಣ. ಚಿಪ್ಪಿನ ತುದಿಯನ್ನು ಮೇಲಕ್ಕೂ ಬಾಯಿಯನ್ನು ನಮ್ಮ ಕಡೆಗೂ ಹಿಡಿದಾಗ ಬಾಯಿಯು ಬಲಗಡೆಗೆ ಬಂದರೆ ಅದು ಬಲಮುರಿ. ಎಡಗಡೆಗೆ ಬಂದರೆ ಎಡಮುರಿ. ಹೆಚ್ಚಿನ ಜಾತಿಗಳು ಬಲಮುರಿಗಳೇ.

ಚಿಪ್ಪೊಂದನ್ನೇ ನಂಬಿದರೆ ಮೋಸಹೋಗುವ ಸಂಭವವುಂಟು. ಒಂದೇ ಜಾತಿಯಲ್ಲಿ ಬಣ್ಣವು ಬೇರೆಬೇರೆಯಾಗಿರಬಹುದು. ಬೇರೆಬೇರೆ ಜಾತಿಗಳ ಚಿಪ್ಪುಗಳು ಒಂದೇ ತೆರನಾಗಿರಬಹುದು. ಆದುದರಿಂದ ದೇಹವನ್ನು ಸೀಳಿ ಜನನಾಂಗಗಳ ರಚನೆಯನ್ನೂ, ನಾಲಗೆಯ ಮೇಲೆ ಅರದಂತೆ ಸಾಲಾಗಿರುವ ಸೂಕ್ಷ್ಮವಾದ ಹಲ್ಲುಗಳನ್ನೂ ಸೂಕ್ಷ್ಮದರ್ಶಕದಿಂದ ನೋಡುವರು. ಈಚಿನ ದಿನಗಳಲ್ಲಿ ಜೀವಕೋಶದೊಳಗಿನ ಡಿ.ಎನ್.ಎ. ಎಂಬ ಆನುವಂಶಿಕ ದ್ರವ್ಯವನ್ನೂ ಹೋಲಿಸಿ ನೋಡುವುದುಂಟು. ಕೊನೆಗೆ, ವರ್ಣನೆಗೆ ಆಧಾರವಾದ ಒಂದು ಹುಳುವನ್ನು ಆದರ್ಶ ಮಾದರಿಯೆಂದು ಗೊತ್ತುಮಾಡಿ, ಸಿಕ್ಕಿದ ಸ್ಥಳ ಮತ್ತು ತಾರೀಖುಗಳ ಚೀಟಿಯೊಡನೆ ವಸ್ತುಸಂಗ್ರಹಾಲಯದಲ್ಲಿ ಇಡುವರು. ಗ್ರಾಮದ ಲೆಕ್ಕದಲ್ಲಿ ಸರ್ವೆಕಲ್ಲು ಹೇಗೋ ಹಾಗೆ ಜಾತಿನಿರ್ಣಯದಲ್ಲಿ ಈ ಮಾದರಿ. ಮುಂದೆ ವಿವಾದವೆದ್ದರೆ ಅದನ್ನೇ ನೋಡಿ ತೀರ್ಮಾನಿಸತಕ್ಕದ್ದು.

ಈ ಕೆಲಸವು ಮುಗಿದುಹೋದುದಲ್ಲ. ಬೆಳಗಾವಿಯ ಗಡಿಗೆ ಸಮೀಪವಾದ ಮಹಾರಾಷ್ಟ್ರದ ಅಂಬೋಲಿ ಘಟ್ಟದಲ್ಲಿ ದೊರೆತ, ದೇಹವನ್ನು ಪೂರ್ತಿಯಾಗಿ ಒಳಗೆ ಎಳೆದುಕೊಳ್ಳಲಾರದಷ್ಟು ಚಿಕ್ಕ ಚಿಪ್ಪುಳ್ಳ ಒಂದು ಹುಳುವನ್ನು ೨೦೨೧ರಲ್ಲಿ 'ವರದಿಯಾ ಅಂಬೋಲಿಯೆನ್ಸಿಸ್' ಎಂದು ವರ್ಣಿಸಲಾಯಿತು. ಜಾತಿ ಮಾತ್ರವಲ್ಲ, ಅದರ ಕುಲವೇ ಶಾಸ್ತ್ರಕ್ಕೆ ಹೊಸದಾಗಿದ್ದಿತು.

೨. ಪರದೇಶದಿಂದ ಬಂದ ಶತ್ರು

ನಮ್ಮ ತೋಟಗಳಿಗೆ ನಿಜವಾದ ಭಯವು ಆಫ್ರಿಕಾದ ದೊಡ್ಡ ಬಸವನಹುಳುವಿನಿಂದ. ಪೂರ್ವ ಆಫ್ರಿಕಾದ ಕರಾವಳಿಯು ಇದರ ತವರು. ಬೌಡಿಚ್ ಎಂಬುವನು ೧೮೨೨ರಲ್ಲಿ ವರ್ಣಿಸಿದ ಈ ಜಾತಿಯು ಬಹುಕಾಲ 'ಅಕಟೈನಾ ಫ್ಯೂಲಿಕಾ' ಎಂದು ಪ್ರಸಿದ್ಧವಾಗಿದ್ದು, ಈಗ 'ಲಿಸ್ಸಕಟೈನಾ ಫ್ಯೂಲಿಕಾ' ಎನಿಸಿಕೊಂಡಿದೆ. ಇದನ್ನು ೧೮೪೭ರಲ್ಲಿ ಮಾರಿಷಸ್ ದ್ವೀಪದಿಂದ ತಂದು ಕಲ್ಕತ್ತೆಯ ಚೌರಂಗಿಯ ಒಂದು ತೋಟದಲ್ಲಿ ಬಿಟ್ಟವನು ಬೆನ್ಸನ್ ಎಂಬುವನು. ಇವನು ಅಜ್ಞಾನಿಯಲ್ಲ, ಭಾರತದ ಅನೇಕ ಬಸವನಹುಳುಗಳನ್ನು ಮೊದಲು ವರ್ಣಿಸಿದ ಪಂಡಿತನೇ. ಅಲ್ಲಿಂದ ಹರಡಿದ ಹುಳುವು ಇಂದು ಕೊಡಗಿನ ಕಾಫಿ ತೋಟಗಳವರೆಗೂ ಬಂದಿದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ಬೆಳೆದ ಹುಳುವಿನ ಚಿಪ್ಪು ಉದ್ದವಾದ ಶಂಕುವಿನಂತಿದ್ದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಅಂಗುಲವಿರುವುದು. ಅಪರೂಪವಾಗಿ ಎಂಟು ಅಂಗುಲದವರೆಗೂ ಬೆಳೆಯುವುದು. ಸುತ್ತುಗಳು ಏಳರಿಂದ ಒಂಬತ್ತು. ಕಂದು ಬಣ್ಣದ ಮೇಲೆ ಅಡ್ಡಾದಿಡ್ಡಿ ಪಟ್ಟೆಗಳು. ತಳದಲ್ಲಿ ನಾಭಿಯ ಕುಳಿ ಇಲ್ಲ. ಬಾಯಿಯೊಳಗಿನ ಕಂಬವು ಕೆಳತುದಿಯಲ್ಲಿ ಥಟ್ಟನೆ ಕತ್ತರಿಸಿದಂತೆ ನಿಂತಿರುವುದು. ಇದು ಖಚಿತವಾದ ಗುರುತು.

ಈ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳು ಒಂದೇ ದೇಹದಲ್ಲಿರುವುವು. ಒಂದು ಸಲಕ್ಕೆ ನೂರರಿಂದ ನಾನ್ನೂರರವರೆಗೆ, ಜೋಳದ ಕಾಳಿನಷ್ಟು ಗಾತ್ರದ, ಹಳದಿಮಿಶ್ರಿತ ಬಿಳಿಯ ಮೊಟ್ಟೆಗಳನ್ನು ಮಣ್ಣಿನಲ್ಲಿ ಇಡುವುದು. ವರ್ಷಕ್ಕೆ ಹಲವು ಸಲ ಇಡಬಲ್ಲುದು. ಒಮ್ಮೆ ಕೂಡಿದ ಹುಳುವು ಒಂಟಿಯಾಗಿ ಹೊಸ ಊರಿಗೆ ಹೋದರೂ ಅಲ್ಲಿ ಸಂತತಿಯನ್ನು ಬೆಳೆಸಬಲ್ಲುದು. ಬೇಸಗೆಯಲ್ಲಿ ಚಿಪ್ಪಿನ ಬಾಯಿಯನ್ನು ಒಣಗಿದ ಪೊರೆಯಿಂದ ಮುಚ್ಚಿಕೊಂಡು ತಿಂಗಳುಗಟ್ಟಲೆ ನಿದ್ರಿಸುವುದು. ಬಾಳೆ, ಪಪ್ಪಾಯಿ, ಕಾಯಿಪಲ್ಲೆ, ಎಳೆಯ ಸಸಿಗಳೇ ಮೊದಲಾಗಿ ಐನೂರಕ್ಕೂ ಹೆಚ್ಚು ಬಗೆಯ ಗಿಡಗಳನ್ನು ಮೇಯುವುದು. ಚಿಪ್ಪಿಗೆ ಬೇಕಾದ ಸುಣ್ಣಕ್ಕಾಗಿ ಮನೆಯ ಗೋಡೆಗಳನ್ನೂ ಕೆರೆಯುವುದುಂಟು.

೩. ನಮ್ಮ ಸ್ವಂತ ಹುಳುಗಳು

ಪಶ್ಚಿಮಘಟ್ಟಗಳ ನಿತ್ಯಹರಿದ್ವರ್ಣದ ಕಾಡುಗಳಲ್ಲಿ ಮಳೆಗಾಲದಲ್ಲಿ ಕೆಂಪು ಅಥವಾ ಹಳದಿ ದೇಹವುಳ್ಳ ಒಂದು ಚೆಲುವಾದ ಹುಳು ಕಾಣಸಿಗುವುದು. 'ಇಂದ್ರೆಲ್ಲಾ ಆಂಪುಲ್ಲಾ' ಎಂಬ ಈ ಜಾತಿಯನ್ನು ಮೇಲೆ ಹೇಳಿದ ಬೆನ್ಸನನೇ ೧೮೫೦ರಲ್ಲಿ ವರ್ಣಿಸಿದನು. ಇದರ ಕುಲದಲ್ಲಿ ಇದೊಂದೇ ಜಾತಿ. ಪಶ್ಚಿಮಘಟ್ಟಗಳಲ್ಲಲ್ಲದೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಮಲೆನಾಡಿನ ತೋಟದಂಚಿನಲ್ಲಿ ಇದು ಸಿಕ್ಕರೆ ಕೊಲ್ಲಕೂಡದು. ಇದರ ಚಿಪ್ಪು ತೆಳುವಾಗಿ ಗುಂಡಗಿರುವುದರಿಂದ ಆಫ್ರಿಕಾದ ಹುಳುವಿನ ಉದ್ದ ಶಂಕುವಿನೊಡನೆ ಗೊಂದಲಪಡಲು ಕಾರಣವಿಲ್ಲ.

೪. ಟಹೀಟಿ ದ್ವೀಪದ ಪಾಠ

ಪೆಸಿಫಿಕ್ ಸಾಗರದ ಟಹೀಟಿ ಮತ್ತು ಅದರ ನೆರೆಯ ದ್ವೀಪಗಳಲ್ಲಿ 'ಪಾರ್ಟುಲಾ' ಎಂಬ ಕುಲದ, ಒಂದು ಅಂಗುಲಕ್ಕಿಂತ ಚಿಕ್ಕದಾದ ಮರದ ಬಸವನಹುಳುಗಳಿದ್ದುವು. ಕಣಿವೆ ಕಣಿವೆಗೂ ಇವು ಭೇದವನ್ನು ತೋರುತ್ತಿದ್ದುದರಿಂದ ಅಮೆರಿಕದ ಕ್ರ್ಯಾಂಪ್ಟನ್ ಎಂಬ ವಿಜ್ಞಾನಿಯು ಸಾವಿರಾರು ಚಿಪ್ಪುಗಳನ್ನು ಅಳೆದು ೧೯೧೬ ಮತ್ತು ೧೯೩೨ರಲ್ಲಿ ದೊಡ್ಡ ಗ್ರಂಥಗಳನ್ನು ಪ್ರಕಟಿಸಿದನು. ಇವು ಪೈರಿಗೆ ಹಾನಿಮಾಡುವುವಲ್ಲ.

೧೯೬೭ರಲ್ಲಿ ಟಹೀಟಿಗೆ ಆಫ್ರಿಕಾದ ಹುಳುವು ಬಂದು ತೋಟಗಳನ್ನು ಹಾಳುಮಾಡಿತು. ಅದನ್ನು ತಿನ್ನಿಸುವ ಉದ್ದೇಶದಿಂದ, ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ಸೇರಿದ 'ಯೂಗ್ಲಾಂಡಿನಾ' ಎಂಬ ಮಾಂಸಾಹಾರಿ ಬಸವನಹುಳುವನ್ನು ೧೯೭೪ರಲ್ಲಿ ಟಹೀಟಿಗೂ, ೧೯೭೭ರಲ್ಲಿ ನೆರೆಯ ಮೂರೆಯಾ ದ್ವೀಪಕ್ಕೂ ತಂದುಬಿಟ್ಟರು. ಆದರೆ ಅದು ದೊಡ್ಡ ಹುಳುವನ್ನು ಬಿಟ್ಟು ಚಿಕ್ಕದಾದ ಪಾರ್ಟುಲಾಗಳ ಬೆನ್ನುಹತ್ತಿತು. ಹತ್ತೇ ವರ್ಷಗಳಲ್ಲಿ, ೧೯೮೭ರ ವೇಳೆಗೆ, ಮೂರೆಯಾದ ಕಾಡಿನಲ್ಲಿ ಪಾರ್ಟುಲಾಗಳು ಬಹುಮಟ್ಟಿಗೆ ನಾಶವಾಗಿದ್ದುವು. ಕೆಲವು ಜಾತಿಗಳು ಯುರೋಪು ಅಮೆರಿಕಗಳ ಮೃಗಾಲಯಗಳಲ್ಲಿ ಡಬ್ಬಿಗಳೊಳಗೆ ಮಾತ್ರ ಬದುಕಿದುವು. ೨೦೧೫ರಿಂದ ಈಚೆಗೆ ಅವನ್ನು ದ್ವೀಪಗಳಿಗೆ ಹಿಂದಿರುಗಿಸುವ ಪ್ರಯತ್ನವು ನಡೆದಿದೆ. ಉಳಿದುವುಗಳಲ್ಲಿ ಹಲವು ಗ್ರಂಥದ ಪುಟಗಳಲ್ಲಿಯೂ ಸಂಗ್ರಹಾಲಯದ ಚಿಪ್ಪುಗಳಲ್ಲಿಯೂ ಮಾತ್ರ ಇವೆ. ಶತ್ರುವಿಗೆ ಶತ್ರುವನ್ನು ತರುವೆವೆಂದು ಯಾರಾದರೂ ಸಲಹೆಯಿತ್ತಾಗ ಊರಿನ ಹಿರಿಯರು ಈ ದ್ವೀಪಗಳನ್ನು ನೆನೆಯತಕ್ಕದ್ದು.

೫. ಊರಿನ ಮುಖಂಡರು ಮಾಡತಕ್ಕ ಕೆಲಸ

(ಅ) ಅಪರಿಚಿತವಾದ ಹುಳು ಕಂಡರೆ ಎರಡು ಮೂರನ್ನು ಮದ್ಯಸಾರದ ಸೀಸೆಯಲ್ಲಿ ಹಾಕಿ, ಊರು, ಸರ್ವೆ ನಂಬರು, ತಾರೀಖು, ಯಾವ ಗಿಡದ ಮೇಲೆ ಸಿಕ್ಕಿತೆಂಬ ವಿವರಗಳನ್ನು ಪೆನ್ಸಿಲಿನಿಂದ ಬರೆದ ಚೀಟಿಯನ್ನು ಒಳಗಿಟ್ಟು, ವ್ಯವಸಾಯ ಇಲಾಖೆಯ ಹತ್ತಿರದ ಕಚೇರಿಗೆ ತಲುಪಿಸಬೇಕು. ಚೀಟಿಯಿಲ್ಲದ ಹುಳುವಿನಿಂದ ಪ್ರಯೋಜನವು ಸ್ವಲ್ಪವೇ. ಜೀವಂತ ಹುಳುವನ್ನು ಒಂದೂರಿನಿಂದ ಮತ್ತೊಂದೂರಿಗೆ ಕೊಂಡೊಯ್ಯಕೂಡದು.

(ಆ) ಹೊರಗಿನಿಂದ ತರುವ ಸಸಿ, ಮಣ್ಣು, ಗೊಬ್ಬರ, ಮರದ ದಿಮ್ಮಿಗಳನ್ನು ಇಳಿಸುವ ಮೊದಲು ಹುಳು ಮತ್ತು ಮೊಟ್ಟೆಗಳಿಗಾಗಿ ಪರೀಕ್ಷಿಸಬೇಕು.

(ಇ) ಆಫ್ರಿಕಾದ ಹುಳುವೆಂದು ನಿಶ್ಚಯವಾದರೆ ಊರಿನವರೆಲ್ಲರೂ ಒಂದೇ ಕಾಲದಲ್ಲಿ ಕೆಲಸಕ್ಕೆ ಇಳಿಯಬೇಕು. ಒಬ್ಬನ ತೋಟದಲ್ಲಿ ಆರಿಸಿ ಪಕ್ಕದ ತೋಟದಲ್ಲಿ ಬಿಟ್ಟರೆ ಶ್ರಮವು ವ್ಯರ್ಥ. ಸಂಜೆ ಒದ್ದೆಯ ಗೋಣಿತಾಟುಗಳ ಕೆಳಗೆ ಪಪ್ಪಾಯಿ ಅಥವಾ ಕೋಸಿನ ಎಲೆಗಳನ್ನಿರಿಸಿ, ಅಲ್ಲಿ ಸೇರಿದ ಹುಳುಗಳನ್ನು ಬೆಳಗಿನ ಜಾವದಲ್ಲಿ ಆರಿಸಿ, ಗಾಢವಾದ ಉಪ್ಪುನೀರಿನಲ್ಲಿ ಹಾಕಿ ಕೊಂದು, ಆಳವಾದ ಗುಂಡಿಯಲ್ಲಿ ಸುಣ್ಣದೊಡನೆ ಹೂಳಬೇಕು. ಉಪ್ಪುನೀರನ್ನು ಜಮೀನಿಗೆ ಚೆಲ್ಲಕೂಡದು. ಬದುಗಳನ್ನು ಕೆದಕಿ ಮೊಟ್ಟೆಗಳನ್ನೂ ನಾಶಮಾಡಬೇಕು.

(ಈ) ಬರಿಗೈಯಿಂದ ಮುಟ್ಟಕೂಡದು. ಇಲಿಗಳ ಶ್ವಾಸಕೋಶದಲ್ಲಿರುವ ಒಂದು ಜಂತುವಿನ ಮರಿಗಳು ಈ ಹುಳುವಿನಲ್ಲಿರಬಹುದು. ಅವು ಮನುಷ್ಯನ ಮಿದುಳಿನ ಪೊರೆಗೆ ರೋಗವನ್ನುಂಟುಮಾಡುವುವು. ಕೆಲಸದ ತರುವಾಯ ಸಾಬೂನಿನಿಂದ ಕೈತೊಳೆಯಬೇಕು. ಹಸಿಯಾಗಿ ತಿನ್ನುವ ಸೊಪ್ಪನ್ನು ಚೆನ್ನಾಗಿ ತೊಳೆಯಬೇಕು. ಮಕ್ಕಳು ಈ ಹುಳುಗಳೊಡನೆ ಆಡದಂತೆ ನೋಡಿಕೊಳ್ಳಬೇಕು.

ಕಳೆಯನ್ನು ಕೀಳುವವನು ಮೊದಲು ಪೈರನ್ನು ಗುರುತಿಸಬೇಕಷ್ಟೆ. ಬಸವನಹುಳುವಿನ ವಿಷಯದಲ್ಲಿಯೂ ಇದೇ ನ್ಯಾಯ. ಆದುದರಿಂದ ಈ ಮಳೆಗಾಲದಲ್ಲಿ ತಮ್ಮ ತಮ್ಮ ಗ್ರಾಮದ ಹುಳುಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ, ಹೆಸರನ್ನು ತಿಳಿದ ಬಳಿಕವೇ ಕ್ರಮಕೈಗೊಳ್ಳಬೇಕೆಂದು ಗ್ರಾಮದ ಹಿರಿಯರನ್ನೂ ಜಮೀನುದಾರರನ್ನೂ ಕೋರಲಾಗಿದೆ.