ನನ್ನಂಥ ಇನ್ನೊಬ್ಬ ನಾನು ಇದ್ದಿದ್ದರೆ?

*ಇಂದಿನ ಧಮ್ಮ ಚಿಂತನೆ*
*ಅಧ್ಯಯನ ಬಳಗ, ಕವಲಂದೆ*





ಭಾನುವಾರದ ಓದು ಮುಗಿದ ಮೇಲೆ ಬಳಗದ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ: "ಅಣ್ಣಾ, ನಮ್ಮನ್ನ ನಾವೇ ಜೆರಾಕ್ಸ್ ಮಾಡ್ಕೊಳ್ಳೋ ಹಂಗಿದ್ರೆ ನೀವು ಏನು ಮಾಡ್ತಿದ್ರಿ?" ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಉತ್ತರ ಹೇಳಿದರು. ಒಬ್ಬರು ಹೊಲಕ್ಕೊಬ್ಬ, ಕೂಲಿಗೊಬ್ಬ ಎಂದರು. ಒಬ್ಬ ಅಕ್ಕ, "ಒಬ್ಬಳು ಒಲೆ ಮುಂದೆ ಇರ್ಲಿ, ನಾನು ಒಂದು ದಿನ ಪೂರ್ತಿ ಮಲಗ್ತೀನಿ" ಎಂದರು. ಇಂದು ಅದೇ ಪ್ರಶ್ನೆಯನ್ನು ಧಮ್ಮದ ಬೆಳಕಿನಲ್ಲಿ ನೋಡೋಣ.

ನಾನೂ ಒಂದು ಪಟ್ಟಿ ಬರೆದು ನೋಡಿದೆ. ಒಬ್ಬ ನಾನು ಬೆಳಿಗ್ಗೆ ಕವಲಂದೆ ಸ್ಟೇಷನ್ನಿನಲ್ಲಿ ರೈಲು ಹತ್ತಿ ನಂಜನಗೂಡಿಗೆ ಕೆಲಸಕ್ಕೆ ಹೋಗುತ್ತಾನೆ. ಇನ್ನೊಬ್ಬ ರಾಗಿ ಹೊಲಕ್ಕೆ. ಮತ್ತೊಬ್ಬ ಅವ್ವನನ್ನು ಮೈಸೂರಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಒಬ್ಬ ಮಗಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಒಬ್ಬ ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ಹಿಡಿದು ನಿಲ್ಲುತ್ತಾನೆ. ಕೊನೆಗೆ ಉಳಿದ ನಾನು ನೆರಳಿನಲ್ಲಿ ಕೂತು 'ಬುದ್ಧ ಮತ್ತು ಆತನ ಧಮ್ಮ' ಓದುತ್ತೇನೆ.

ಪಟ್ಟಿ ಚೆನ್ನಾಗಿಯೇ ಇದೆ. ಆದರೆ ರೈಲು ಹತ್ತಿದವನೂ ನಾನೇ ಅಲ್ಲವೇ? ಅವನಿಗೂ ನೆರಳು ಬೇಕು, ಓದು ಬೇಕು. "ಇವತ್ತು ನೀನು ಹೋಗು, ನಾನು ಓದ್ತೀನಿ" ಎಂದು ಅವನು ಕೇಳಿದರೆ ನಾನು ಏನು ಹೇಳಲಿ? "ನಾನು ಮೊದಲಿನವನು, ನೀನು ಆಮೇಲೆ ಬಂದವನು" ಎನ್ನಬೇಕಾಗುತ್ತದೆ. ಹುಟ್ಟಿನ ಲೆಕ್ಕದಲ್ಲಿ ಒಬ್ಬನಿಗೆ ಓದು, ಇನ್ನೊಬ್ಬನಿಗೆ ದುಡಿಮೆ. ಈ ಮಾತನ್ನು ನಮ್ಮ ತಾತ ಮುತ್ತಾತಂದಿರು ಸಾಕಷ್ಟು ಕೇಳಿದ್ದಾರೆ. ಜಾತಿ ಎಂದರೆ ಬರೀ ಕೆಲಸದ ಹಂಚಿಕೆಯಲ್ಲ, ಕೆಲಸ ಮಾಡುವವರನ್ನೇ ಮೇಲು ಕೀಳು ಎಂದು ಒಡೆದು ಇಡುವುದು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟರು. ನಮಗೆ ಬೇಡವಾದ ಕೆಲಸವನ್ನೆಲ್ಲ ಇನ್ನೊಂದು ದೇಹಕ್ಕೆ ಹೊರಿಸಿ ನಾವು ಬಿಡುವಾಗಿರಬೇಕೆಂಬ ಆಸೆಯಲ್ಲೇ ಆ ಬೇರು ಇದೆ.

ಒಲೆಯ ಮುಂದಿನ ಅಕ್ಕನ ಉತ್ತರವನ್ನೂ ನೆನಪಿಡಿ. ಅನೇಕ ಮನೆಗಳಲ್ಲಿ ಗಂಡಸರಿಗೆ ಇನ್ನೊಂದು ದೇಹ ಈಗಾಗಲೇ ಸಿಕ್ಕಿದೆ. ನೀರು ತರುವುದು, ಅತ್ತೆಯ ಔಷಧಿ, ಮಕ್ಕಳ ಬುತ್ತಿ ಎಲ್ಲವನ್ನೂ ಅದೇ ಮಾಡುತ್ತದೆ. ಆಕೆ ಜೆರಾಕ್ಸ್ ಕೇಳಿದ್ದು ಇನ್ನಷ್ಟು ದುಡಿಯುವುದಕ್ಕಲ್ಲ, ಒಂದು ದಿನ ಮಲಗುವುದಕ್ಕೆ.

*ಚುಲ್ಲಪಂಥಕರ ಕಥೆ*

ಬೌದ್ಧ ಸಾಹಿತ್ಯದಲ್ಲಿ ಒಬ್ಬನೇ ಸಾವಿರವಾದ ಕಥೆಯೊಂದಿದೆ. ಅದು ಧಮ್ಮಪದದ ಅಟ್ಠಕಥೆಯಲ್ಲಿ ಬರುತ್ತದೆ. ರಾಜಗೃಹದ ಶ್ರೀಮಂತನೊಬ್ಬನ ಮಗಳು ಮನೆಯ ದಾಸನನ್ನೇ ಮೆಚ್ಚಿ ಅವನೊಡನೆ ಊರು ಬಿಟ್ಟಳು. ಅವರ ಇಬ್ಬರು ಮಕ್ಕಳೂ ದಾರಿಯಲ್ಲೇ ಹುಟ್ಟಿದ್ದರಿಂದ 'ಪಂಥಕ' ಎಂಬ ಹೆಸರು ಬಂತು. ಇಬ್ಬರೂ ಭಿಕ್ಖುಗಳಾದರು. ಚಿಕ್ಕವನಾದ ಚುಲ್ಲಪಂಥಕನಿಗೆ ನಾಲ್ಕು ಸಾಲಿನ ಒಂದು ಗಾಥೆ ನಾಲ್ಕು ತಿಂಗಳಾದರೂ ಬಾಯಿಗೆ ಬರಲಿಲ್ಲ. ಅಣ್ಣನೇ ಅವನನ್ನು ಸಂಘ ಬಿಟ್ಟು ಹೋಗು ಎಂದ. ವೈದ್ಯ ಜೀವಕ ಸಂಘವನ್ನು ಊಟಕ್ಕೆ ಕರೆದಾಗ ತಮ್ಮನನ್ನು ಲೆಕ್ಕಕ್ಕೇ ಸೇರಿಸಲಿಲ್ಲ.

ಹೊರಟು ನಿಂತಿದ್ದ ಅವನನ್ನು ಭಗವಾನರು ತಡೆದರು. ಕೈಗೆ ಒಂದು ಬಿಳಿ ಬಟ್ಟೆ ಕೊಟ್ಟು, ಕೊಳೆ ಹೋಗಲಿ ಎನ್ನುತ್ತ ಉಜ್ಜು ಎಂದರು. ಉಜ್ಜುತ್ತ ಉಜ್ಜುತ್ತ ಬಟ್ಟೆ ಮಾಸಿತು. ಯಾವುದೂ ಇದ್ದ ಹಾಗೆ ಇರುವುದಿಲ್ಲ ಎಂಬ ಅನಿತ್ಯದ ತಿಳಿವು ಅವನಿಗೆ ಬಂತು. ಅತ್ತ ಜೀವಕನ ಮನೆಯಲ್ಲಿ ಭಗವಾನರು, ವಿಹಾರದಲ್ಲಿ ಇನ್ನೂ ಭಿಕ್ಖುಗಳಿದ್ದಾರಲ್ಲ ಎಂದರು. ಕರೆಯಲು ಹೋದ ಆಳಿಗೆ ಮಾವಿನ ತೋಪಿನ ತುಂಬ ಸಾವಿರ ಭಿಕ್ಖುಗಳು ಕಂಡರು. ಕೆಲವರು ಚೀವರ ಹೊಲಿಯುತ್ತಿದ್ದರು, ಕೆಲವರು ಬಣ್ಣ ಅದ್ದುತ್ತಿದ್ದರು, ಕೆಲವರು ಪಠಿಸುತ್ತಿದ್ದರು. ಚುಲ್ಲಪಂಥಕ ಯಾರು ಎಂದರೆ ಸಾವಿರ ಬಾಯಿಯೂ ನಾನೇ ಎಂದವು.

ಇದನ್ನು ಪವಾಡವೆಂದು ನಂಬಬೇಕಿಲ್ಲ. ದೀಘ ನಿಕಾಯದ ಕೇವದ್ಧ ಸುತ್ತದಲ್ಲಿ, ಒಬ್ಬನು ಹಲವರಾಗುವಂಥ ಪವಾಡ ತೋರಿಸಿ ಜನರನ್ನು ಸೆಳೆಯುವುದನ್ನು ಭಗವಾನರು ಒಪ್ಪುವುದಿಲ್ಲ. ತಿಳಿವು ಕೊಡುವುದೇ ಮೇಲಾದ ಪವಾಡ ಎನ್ನುತ್ತಾರೆ. ನಾನು ಈ ಕಥೆಯಿಂದ ಎರಡು ವಿಷಯ ತೆಗೆದುಕೊಳ್ಳುತ್ತೇನೆ. ಒಂದು, ದಾಸನ ಮಗನೆಂದು ಹುಟ್ಟಿ, ದಡ್ಡನೆನಿಸಿಕೊಂಡು, ಊಟದ ಲೆಕ್ಕದಿಂದ ಹೊರಗುಳಿದವನೇ ತೋಪು ತುಂಬಿದ. ಎರಡು, ಆ ಸಾವಿರದಲ್ಲಿ ಒಬ್ಬನೂ ಕೂತು ಉಳಿದವರಿಂದ ಕೆಲಸ ಮಾಡಿಸಲಿಲ್ಲ. ಆದರೂ ಕಥೆಯ ಕೊನೆ ನೋಡಿ: ಮೊದಲು ಉತ್ತರಿಸಿದವನ ಕೈ ಹಿಡಿದ ತಕ್ಷಣ ಉಳಿದವರೆಲ್ಲ ಮಾಯವಾದರು. ಒಬ್ಬನೇ ಸಾವಿರವಾದರೆ ಒಬ್ಬನನ್ನು ಹಿಡಿದರೆ ಸಾಕು, ಎಲ್ಲವೂ ಮುಗಿಯುತ್ತದೆ.

*ಭಗವಾನರು ಮಾಡಿದ್ದು ಏನು?*

ವಿನಯ ಪಿಟಕದ ಮಹಾವಗ್ಗದಲ್ಲಿ ಇದಕ್ಕೆ ಉತ್ತರವಿದೆ. ಮೊದಲ ಐವರು ಭಿಕ್ಖುಗಳು, ವಾರಾಣಸಿಯ ಯಶ, ಅವನ ಗೆಳೆಯರು ಎಲ್ಲ ಸೇರಿ 60 ಮಂದಿ ಆದಾಗ ಭಗವಾನರು ಅವರನ್ನು ಬಹುಜನರ ಹಿತಕ್ಕಾಗಿ ಊರೂರಿಗೆ ಕಳಿಸಿದರು. ಒಂದೇ ದಾರಿಯಲ್ಲಿ ಇಬ್ಬರು ಹೋಗಬೇಡಿ ಎಂದರು. ಇಬ್ಬರು ಜೊತೆಗೆ ಹೋದರೆ ಒಬ್ಬ ಮಾತಾಡುತ್ತಾನೆ, ಇನ್ನೊಬ್ಬ ಅವನ ನೆರಳಾಗುತ್ತಾನೆ ಎಂದು ನನಗೆ ಅರ್ಥವಾಗುತ್ತದೆ. ಮುಂದೆ, ಸಂಘ ಸೇರಬೇಕೆಂದವರನ್ನು ಈ ಭಿಕ್ಖುಗಳು ದೂರದೂರದಿಂದ ಭಗವಾನರ ಬಳಿಗೇ ಕರೆತರತೊಡಗಿದರು. ದಾರಿಯ ದಣಿವು ನೋಡಿ ಭಗವಾನರು, ತಿಸರಣ ಹೇಳಿಸಿ ನೀವೇ ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಅನುಮತಿ ಕೊಟ್ಟರು. ತಮ್ಮ ನಕಲು ಮಾಡಿಕೊಳ್ಳಲಿಲ್ಲ, ತಮ್ಮ ಅಧಿಕಾರವನ್ನು ಹಂಚಿದರು.

*ಬಾಬಾಸಾಹೇಬರು ಮಾಡಿದ್ದೂ ಅದೇ*

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಮಹಾಸ್ಥವಿರ ಚಂದ್ರಮಣಿಯವರಿಂದ ದೀಕ್ಷೆ ಪಡೆದರು. ಆಮೇಲೆ ತಾವೇ ಲಕ್ಷಾಂತರ ಜನರಿಗೆ ತಿಸರಣ, ಪಂಚಶೀಲ ಮತ್ತು 22 ಪ್ರತಿಜ್ಞೆಗಳನ್ನು ಕೊಟ್ಟರು. ಮರುದಿನದ ಭಾಷಣದಲ್ಲಿ, ದೀಕ್ಷೆ ಪಡೆದ ಪ್ರತಿಯೊಬ್ಬರಿಗೂ ಇನ್ನೊಬ್ಬರಿಗೆ ದೀಕ್ಷೆ ಕೊಡುವ ಅಧಿಕಾರವಿದೆ ಎಂದು ಸಾರಿದರು. ಆಗಲೇ ಅವರ ದೇಹ ಸೋತಿತ್ತು. ನಾಗಪುರದ ಆ ದಿನದಿಂದ 53ನೆಯ ದಿನ, ಡಿಸೆಂಬರ್ 6ರಂದು, ಅವರು ಪರಿನಿಬ್ಬಾಣ ಹೊಂದಿದರು. ದೀಕ್ಷೆ ಕೊಡುವ ಹಕ್ಕು ತಮ್ಮೊಬ್ಬರದೇ ಎಂದು ಇಟ್ಟುಕೊಂಡಿದ್ದರೆ ಆ ಕೆಲಸ ಅಂದೇ ನಿಲ್ಲುತ್ತಿತ್ತು.

ಅವರು ಭಕ್ತರನ್ನು ಬಯಸಿದವರಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕಾರಣದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದ್ದರು. ಇಂದು ಅವರ ಪ್ರತಿಮೆ ನಮ್ಮ ಊರೂರಲ್ಲಿದೆ, ಇರಲೇಬೇಕು. ಆದರೆ ಅವರು ಬಿಟ್ಟು ಹೋದದ್ದು ಪ್ರತಿಮೆಯನ್ನಲ್ಲ, ನಮ್ಮ ಕೈಗೆ ಕೊಟ್ಟ ಆ ಅಧಿಕಾರವನ್ನು.

*ನಮ್ಮ ಊರಿನ ಮಾತು*

ಕಳೆದ ವರ್ಷ ನಮ್ಮ ಹೋಬಳಿಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ತೀರಿಕೊಂಡರು. ಬುದ್ಧ ವಂದನೆ ಬಲ್ಲ ಹಿರಿಯರು ಆ ಕಡೆಗೆಲ್ಲ ಒಬ್ಬರೇ. ಅವರು ಅಂದು ಮೈಸೂರಿನ ಆಸ್ಪತ್ರೆಯಲ್ಲಿದ್ದರು. ನಾನು ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನೆಂಟರು, "ಇನ್ನು ಕಾಯೋದು ಬೇಡ, ಹಳೇ ಶಾಸ್ತ್ರದಂಗೇ ಮಾಡಿ ಮುಗಿಸ್ಬುಡನ" ಎನ್ನುತ್ತಿದ್ದರು. ಬಿಟ್ಟು ಬಂದದ್ದು ಮತ್ತೆ ಮನೆಗೆ ನುಗ್ಗುವುದು ಇಂಥ ಗಳಿಗೆಯಲ್ಲೇ.

ಆಗ ಪಿಯುಸಿ ಓದುವ ಮೊಮ್ಮಗಳು ಎದ್ದು ನಿಂತಳು. ಕೈಯಲ್ಲಿ ಬಳಗದ ಪುಟ್ಟ ಪುಸ್ತಕವಿತ್ತು. ತಿಸರಣ, ಪಂಚಶೀಲ ಓದಿದಳು. ಪಾಲಿ ಪದಗಳು ಅಲ್ಲಲ್ಲಿ ತೊಡರಿದವು. ಓದಿದ ಮೇಲೆ ಪುಸ್ತಕ ಮಡಚಿ, "ನಮ್ಮಜ್ಜಿ ಇನ್ನೊಬ್ರ ಹೊಲ್ದಲ್ಲಿ ಹತ್ತಿ ಬಿಡಿಸಿ ನಮ್ಮಪ್ಪನ್ನ ಓದಿಸುದ್ರು. ಯಾರ ಮನೆ ಬಾಗಿಲಲ್ಲೂ ತಲೆ ಬಗ್ಸಬ್ಯಾಡಿ ಅಂತಿದ್ರು" ಎಂದಳು. ಅಷ್ಟೇ. ಶಾಸ್ತ್ರದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಆ ಹಿರಿಯರ ಜೆರಾಕ್ಸ್ ಅಲ್ಲಿಗೆ ಬಂದಿದ್ದರೆ ಪಾಲಿ ಶುದ್ಧವಾಗಿರುತ್ತಿತ್ತು. ಆದರೆ ಅಜ್ಜಿಯ ಹತ್ತಿಯ ಮಾತು ಬರುತ್ತಿರಲಿಲ್ಲ. ಅದನ್ನು ಹೇಳಲು ಮೊಮ್ಮಗಳೇ ಬೇಕಿತ್ತು. ಈಗ ಆ ಊರಿನಲ್ಲಿ ವಂದನೆ ಹೇಳುವವರು ಇಬ್ಬರು, ಒಬ್ಬರಂತೆ ಇನ್ನೊಬ್ಬರಿಲ್ಲ.

ಮಿಲಿಂದ ರಾಜನಿಗೆ ನಾಗಸೇನರು ದೀಪದ ಹೋಲಿಕೆ ಕೊಡುತ್ತಾರೆ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಾಗ ಮೊದಲ ದೀಪದಿಂದ ಏನೂ ದಾಟಿ ಹೋಗುವುದಿಲ್ಲ, ಆದರೂ ಬೆಳಕು ಹತ್ತುತ್ತದೆ. ಅನತ್ತವನ್ನು ನಾವು ಬಾಯಲ್ಲಿ ಹೇಳುತ್ತೇವೆ. ಆದರೆ ಕೆಲಸಕ್ಕೆ ನಿಂತಾಗ "ಇದು ನನ್ನ ಕೈಯಲ್ಲೇ ಆಗಬೇಕು" ಎನ್ನುತ್ತೇವೆ. ನನ್ನಂಥ ಹತ್ತು ಜನ ಬೇಕೆಂಬ ಆಸೆಯಲ್ಲಿ 'ನಾನು' ಹತ್ತು ಪಟ್ಟಾಗುತ್ತದೆ. ನಮಗೆ ಬೇಕಾದದ್ದು ನನ್ನಂಥವರಲ್ಲದ ಹತ್ತು ಜನ.

*ಇಂದಿನ ಅಭ್ಯಾಸ*

1. ಮನೆಯಲ್ಲಾಗಲಿ, ಬಳಗದಲ್ಲಾಗಲಿ ನೀವೊಬ್ಬರೇ ಬಲ್ಲ ಒಂದು ಕೆಲಸವನ್ನು ಗುರುತಿಸಿ. ವಂದನೆ ಹೇಳುವುದು, ಅರ್ಜಿ ಬರೆಯುವುದು, ಲೆಕ್ಕ ಇಡುವುದು, ಏನಾದರೂ ಸರಿ.

2. ಈ ವಾರ ಅದನ್ನು ಒಬ್ಬರಿಗೆ ಕಲಿಸಿ. ನಿಮಗಿಂತ ಚಿಕ್ಕವರಾದರೆ ಒಳ್ಳೆಯದು, ಹೆಣ್ಣುಮಕ್ಕಳಾದರೆ ಇನ್ನೂ ಒಳ್ಳೆಯದು. ಅವರ ರೀತಿಯಲ್ಲಿ ಮಾಡಲು ಬಿಡಿ, ನಡುವೆ ತಿದ್ದಬೇಡಿ.

3. ಮನೆಯ ಗಂಡಸರು ಬೇರೆಯವರ ಮೇಲೆ ಬಿದ್ದಿರುವ ಒಂದು ಕೆಲಸವನ್ನು ಒಂದು ದಿನ ಪೂರ್ತಿ ತಾವು ವಹಿಸಿಕೊಳ್ಳಿ. ಆ ದಿನ ಆಕೆ ಮಲಗಲಿ, ಓದಲಿ, ಸುಮ್ಮನೆ ಕೂರಲಿ.

ಈ ಸಂದೇಶವನ್ನು ಹತ್ತು ಗುಂಪಿಗೆ ಕಳಿಸಲು ಅರ್ಧ ನಿಮಿಷ ಸಾಕು. ಕಳಿಸಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಯಾರಿಗೆ ಏನು ಕಲಿಸುತ್ತೀರಿ ಎಂದು ಒಂದು ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.